ನ್ಯೂರೆಂಬರ್ಗಿನ ರೇಷ್ಮೆ ವರ್ತಕನಿಗೆ ನಿಂಬೆ, ಮಾದಳಗಳ ಮೇಲೆ ಅಷ್ಟೊಂದು ಮೋಹವೇಕೆ?

ಹಿತ್ತಲ ಹವ್ಯಾಸಿ, ದಾವಣಗೆರೆ:
ಎಲ್ಲರಿಗೂ ನಮಸ್ಕಾರ. ಜರ್ಮನಿಯ ನ್ಯೂರೆಂಬರ್ಗ್ ನಗರದ ವರ್ತಕ ಯೋಹಾನ್ ಕ್ರಿಸ್ಟೋಫ್ ಫೋಲ್ಕಾಮರ್ (1644–1720) 1708ರಲ್ಲಿ ಹೊರತಂದ ‘ನ್ಯೂರೆಂಬರ್ಗಿಶೆ ಹೆಸ್ಪೆರಿಡೆಸ್’ ಎಂಬ, ನಿಂಬೆ ಜಾತಿಯ ಹಣ್ಣುಗಳ ಕುರಿತ ಗ್ರಂಥದ ಚಿತ್ರಗಳನ್ನು ಕೆಲವು ದಿನಗಳಿಂದ ನೋಡುತ್ತಿದ್ದೇನೆ. ಕೆಳಗೆ ಯಾವುದೋ ಊರು ಅಥವಾ ತೋಟವಿದ್ದರೆ, ಮೇಲೆ ಆಕಾಶದಲ್ಲಿ ಆ ಊರಿಗಿಂತಲೂ ದೊಡ್ಡದಾದ ಒಂದು ನಿಂಬೆಯೋ ಮಾದಳವೋ ತೂಗುತ್ತಿರುತ್ತದೆ. ಚೌಕಿಪೇಟೆಯ ಜವಳಿ ಅಂಗಡಿಯ ಲೆಕ್ಕಪುಸ್ತಕಗಳ ನಡುವೆ ಬೆಳೆದ ನನಗೆ, ರೇಷ್ಮೆಯಲ್ಲಿ ಗಳಿಸಿದವನೊಬ್ಬನು ನಮ್ಮಲ್ಲಿ ಹಿತ್ತಲಿನ ಮೂಲೆಯಲ್ಲಿ ತಾನಾಗಿ ಕಾಯಿ ಬಿಡುವ ಗಿಡಕ್ಕಾಗಿ ಅಷ್ಟು ಹಣ ಸುರಿದದ್ದೇಕೆ ಎಂಬುದು ಅರ್ಥವಾಗುತ್ತಿಲ್ಲ. ಇನ್ನೊಂದು ವಿಚಾರವೆಂದರೆ, ನಮ್ಮ ಮನೆಯ ಹಿಂದಿರುವ ಕಿರಿದಾದ ಉದ್ದನೆಯ ಜಾಗದಲ್ಲಿ ಅಂಥದೇ ಬರೋಕ್ ಮಾದರಿಯ (ಆ ಕಾಲದ ಯುರೋಪಿನ, ಎರಡೂ ಬದಿ ಸಮನಾಗಿ ಜೋಡಿಸಿದ) ತೋಟ ಮಾಡಬೇಕೆಂಬ ಆಸೆಯಿದೆ. ಬಲ್ಲವರು ದಯವಿಟ್ಟು ತಿಳಿಸಬೇಕು.

ನಿವೃತ್ತ ಸಸ್ಯಶಾಸ್ತ್ರ ಉಪನ್ಯಾಸಕ, ಚಿತ್ರದುರ್ಗ:
ಮಾನ್ಯರೇ, ತಮ್ಮ ಮೊದಲ ಪ್ರಶ್ನೆಗೆ ಉತ್ತರ ಚಳಿಯಲ್ಲಿದೆ. ನಮ್ಮ ಕಡೆ ಡಿಸೆಂಬರ್ ಚಳಿಯೆಂದರೆ ಒಂದು ಕಂಬಳಿಯಷ್ಟು. ನ್ಯೂರೆಂಬರ್ಗಿನಲ್ಲಾದರೆ ನೀರು ಹೆಪ್ಪುಗಟ್ಟುತ್ತದೆ, ಮಾದಳದ ಗಿಡ ಒಂದೇ ರಾತ್ರಿಯಲ್ಲಿ ಕರಕಲಾಗುತ್ತದೆ. ಆದುದರಿಂದ ಗಿಡಗಳನ್ನು ಮರದ ತೊಟ್ಟಿಗಳಲ್ಲಿ ಬೆಳೆಸಿ, ಚಳಿಗಾಲ ಬರುವ ಮೊದಲೇ ಒಲೆಯ ಕಾವಿರುವ ಮನೆಯೊಳಗೆ ಸಾಗಿಸಿ, ವಸಂತದಲ್ಲಿ ಮತ್ತೆ ಹೊರತಂದು ಸಾಲಾಗಿ ಜೋಡಿಸುತ್ತಿದ್ದರು. ನೆಲದಲ್ಲೇ ನೆಟ್ಟ ಗಿಡಗಳಾದರೆ ಅವುಗಳ ಸುತ್ತ ಹಲಗೆಯ ಮನೆಯನ್ನೇ ಕಟ್ಟಿ, ಬೇಸಿಗೆಗೆ ಅದನ್ನು ಬಿಚ್ಚಿಡುವ ಪದ್ಧತಿಯೂ ಇತ್ತು. ಇಷ್ಟು ಸೌದೆ, ಇಷ್ಟು ಆಳು, ಇಷ್ಟು ಎಚ್ಚರಿಕೆ ಬೇಡುವ ಹಣ್ಣು ಅಲ್ಲಿ ಸಹಜವಾಗಿಯೇ ಸಿರಿವಂತಿಕೆಯ ಗುರುತಾಯಿತು. ಗ್ರಂಥ ಪ್ರಕಟವಾದ ಮರುವರ್ಷವೇ, ಎಂದರೆ 1709ರ ಜನವರಿಯಲ್ಲಿ, ಯುರೋಪು ಕಂಡ ಅತಿ ಘೋರ ಚಳಿಗಳಲ್ಲೊಂದು ಬಂದಿತೆಂಬುದನ್ನು ನೆನೆದರೆ ಆ ಹವ್ಯಾಸದ ಅಪಾಯ ತಿಳಿಯುತ್ತದೆ.

ಆದರೆ ಅದನ್ನು ಬರೀ ಪ್ರದರ್ಶನವೆಂದು ತಳ್ಳಿಹಾಕಲು ನಾನು ಒಪ್ಪುವುದಿಲ್ಲ. ಫೋಲ್ಕಾಮರ್ ತನ್ನ ಮನೆತನದ ರೇಷ್ಮೆ ಉದ್ಯಮದ ನಿಮಿತ್ತ ಉತ್ತರ ಇಟಲಿಯ ರೊವೆರೆಟೊದಲ್ಲಿ ಇದ್ದವನು. ಗಾರ್ಡಾ ಸರೋವರದ ಸೀಮೆಯ ನಿಂಬೆ ತೋಟಗಳನ್ನು ಬಲ್ಲವನು. ಬೆರಳುಗಳಂತೆ ಸೀಳಿದ ಮಾದಳ, ತಿರುಚಿಕೊಂಡ ಕಿತ್ತಳೆ ಮುಂತಾದ ವಿಚಿತ್ರಗಳನ್ನೂ ಆತ ಗ್ರಂಥದ ಚಿತ್ರಗಳಿಗಾಗಿ ಕೆತ್ತಿಸಿದ್ದಾನೆ. 1714ರಲ್ಲಿ ಎರಡನೆಯ ಸಂಪುಟವೂ ಬಂದಿತು. ಹೆಸ್ಪೆರಿಡೆಸ್ ಎಂದರೆ ಗ್ರೀಕ್ ಪುರಾಣದಲ್ಲಿ ಹೊನ್ನಿನ ಹಣ್ಣುಗಳ ತೋಟ ಕಾಯುವ ಕನ್ಯೆಯರು. ನಿಂಬೆ ಜಾತಿಯ ಹಣ್ಣಿಗೆ ಸಸ್ಯಶಾಸ್ತ್ರದಲ್ಲಿ ಇಂದಿಗೂ ‘ಹೆಸ್ಪೆರಿಡಿಯಂ’ ಎನ್ನುತ್ತೇವೆ. ಪಿಯುಸಿ ತರಗತಿಯಲ್ಲಿ ವರ್ಷಗಟ್ಟಲೆ ಆ ಪದವನ್ನು ಹಲಗೆಯ ಮೇಲೆ ಬರೆದ ನಾನೇ ಅದರ ಹಿಂದಿನ ಕಥೆಯನ್ನು ಒಮ್ಮೆಯೂ ಹೇಳಲಿಲ್ಲ.

ನರ್ಸರಿಯವರು, ಹರಿಹರ:
ಸರ್, ಚಿತ್ರದಲ್ಲಿರುವ ಅಂಚುಬೇಲಿಯ ಬಾಕ್ಸ್‌ವುಡ್ ಗಿಡವನ್ನು ತರಿಸುವ ಯೋಚನೆ ಬಿಡಿ. ನಮ್ಮ ಏಪ್ರಿಲ್ ಬಿಸಿಲಿನಲ್ಲಿ ಅದನ್ನು ಉಳಿಸಿಕೊಳ್ಳುವುದು ಕಷ್ಟ. ಡ್ಯುರಾಂಟಾ ಅಥವಾ ಗೋರಂಟಿಯನ್ನು ಒತ್ತಾಗಿ ನೆಟ್ಟು, ತಪ್ಪದೆ ಕತ್ತರಿಸುತ್ತಿದ್ದರೆ ಗೆರೆ ಎಳೆದಂತೆ ನಿಲ್ಲುತ್ತದೆ. ನಿಂಬೆಗೆ ತೊಟ್ಟಿಯೂ ಬೇಡ, ನೆಲದಲ್ಲೇ ನೆಡಿ; ಆದರೆ ಬುಡದಲ್ಲಿ ನೀರು ನಿಲ್ಲಬಾರದು. ಅಂದಹಾಗೆ, ನಿಂಬೆ ಜಾತಿಯ ಕಸಿಗೆ ಬೇರುಸಸಿಯಾಗಿ (ಬೇರೆ ತಳಿಯ ರೆಂಬೆ ಕೂರಿಸಲು ಕೆಳಗಿರುವ ಬೇರಿನ ಗಿಡವಾಗಿ) ಬಳಸುವ ‘ವೋಲ್ಕಮೇರಿಯಾನಾ’ ತಳಿಗೆ ಇದೇ ವರ್ತಕನ ಹೆಸರಿದೆ. ಆತನ ಹೆಸರು ಮಣ್ಣಿನೊಳಗೆ ಇರುತ್ತದೆ, ಮೇಲೆ ಬೇರೆಯವರ ಹಣ್ಣು ಬಿಡುತ್ತದೆ!

ಕೆರೆಯಂಗಳ, ಚನ್ನಗಿರಿ:
ಎರಡನೆಯ ಪ್ರಶ್ನೆಗೆ ಸಂಬಂಧಿಸಿದಂತೆ ನನ್ನದೊಂದು ಮಾತು. ಬರೋಕ್ ಎಂದೊಡನೆ ಫ್ರಾನ್ಸಿನ ವರ್ಸೈ ಅರಮನೆಯ ವೈಶಾಲ್ಯವನ್ನು ನೆನೆಯಬೇಕಾಗಿಲ್ಲ. ನ್ಯೂರೆಂಬರ್ಗಿನ ಸೇಂಟ್ ಯೊಹಾನಿಸ್ ಬಡಾವಣೆಯಲ್ಲಿ ಇಂದು ನೋಡಸಿಗುವ ಹೆಸ್ಪೆರಿಡೆಸ್ ತೋಟಗಳು ಮನೆಗಳ ಹಿಂದಿನ ಕಿರಿದಾದ ಪಟ್ಟಿಗಳೇ, ತಮ್ಮ ಜಾಗದಂತೆಯೇ. ನಡುವೆ ನೇರವಾದ ದಾರಿ, ಎರಡೂ ಬದಿಗೆ ಸಮನಾದ ಹೂಮಡಿಗಳು, ಒಂದು ಕಾರಂಜಿ, ಕೆಲವು ಕಲ್ಲಿನ ಮೂರ್ತಿಗಳು. ಸಮರೂಪತೆಯ ಸೊಗಸನ್ನು ಹತ್ತಿರದಲ್ಲೇ ಕಾಣಬೇಕಿದ್ದರೆ ಸಂತೇಬೆನ್ನೂರಿನ ಪುಷ್ಕರಣಿಯ ಮೆಟ್ಟಿಲ ಮೇಲೆ ಒಂದು ಸಂಜೆ ಕುಳಿತು, ನೀರಿನ ನಡುವಿನ ಮಂಟಪವನ್ನು ನೋಡಿ ಬನ್ನಿ. ನೀರು ನಿಂತಿದ್ದರೂ ಅಂದವಾಗಿರುತ್ತದೆ. ಬೋರ್‌ವೆಲ್ ನಂಬಿಕೊಂಡು ಕಾರಂಜಿ ಮಾಡಿಸುವ ಮುನ್ನ ಇದನ್ನು ಯೋಚಿಸಿ.

ಹಿತ್ತಲ ಹವ್ಯಾಸಿ, ದಾವಣಗೆರೆ:
ಮೂವರಿಗೂ ಕೃತಜ್ಞತೆಗಳು. ನಮ್ಮೂರಿನ ಗಾಜಿನ ಮನೆಯನ್ನು ಕಂಡು ಹಿತ್ತಲಿನಲ್ಲೂ ಅಂಥದೊಂದು ಚಿಕ್ಕ ಮನೆ ಕಟ್ಟಿಸಲು ಹೊರಟಿದ್ದೆ. ಉಪನ್ಯಾಸಕರ ಮಾತು ಕೇಳಿದ ಮೇಲೆ ಅದರೊಳಗೆ ನಿಂಬೆಯನ್ನಿಟ್ಟರೆ ಬೆಂದೇಹೋಗುತ್ತದೆಂದು ಹೊಳೆಯಿತು. ಕಾರಂಜಿಯ ಬದಲು ನಡುವೆ ಒಂದು ಕಲ್ಲಿನ ಬಾನಿ ಇಡುತ್ತೇನೆ. ನರ್ಸರಿಯವರೇ, ಮಾದಳದ ಕಸಿಗಿಡ ತಮ್ಮಲ್ಲಿ ಸಿಗುವುದಾದರೆ ಎರಡನ್ನು ತೆಗೆದಿರಿಸಿ. ದಾರಿಯ ಆಚೆಗೊಂದು, ಈಚೆಗೊಂದು ಬೇಕು.