ಶುಕ್ರವಾರದ ಹಿಮಕ್ಕೆ ಮುಂಚೆ: ಊರಿಗೆ ಹೋದವರ ಬೀಗದ ಕೈ ಯಾರ ಹತ್ರ ಇದೆ?

14ನೇ ಮನೆ, ಮಂಗಳವಾರ ರಾತ್ರಿ
ಎಲ್ಲರಿಗೂ ನಮಸ್ಕಾರ. ಫೋರ್ಟ್ ವರ್ತ್‌ನ ಹವಾಮಾನ ಕಚೇರಿ ಇವತ್ತು ಟೆಕ್ಸಸ್‌ನ ನಮ್ಮ ಫ್ರಿಸ್ಕೋ ಕಡೆಗೂ ವಿಂಟರ್ ಸ್ಟಾರ್ಮ್ ವಾಚ್, ಅಂದರೆ ಹಿಮದ ಬಿರುಗಾಳಿ ಬರಬಹುದು ಅನ್ನುವ ಮುನ್ನೆಚ್ಚರಿಕೆ, ಹಾಕಿದೆ. ಗುರುವಾರ ಮಧ್ಯಾಹ್ನ 61 ಡಿಗ್ರಿ ಫ್ಯಾರನ್‌ಹೀಟ್, ಟೀಶರ್ಟ್ ಸಾಕು. ಸಂಜೆ ಗಾಳಿ ಉತ್ತರಕ್ಕೆ ತಿರುಗುತ್ತದೆ. ರಾತ್ರಿ ಹತ್ತಕ್ಕೆ 32, ಶುಕ್ರವಾರ ಬೆಳಿಗ್ಗೆ 22, ಶನಿವಾರ ನಸುಕಿಗೆ 11. ಮೊದಲು ಮಳೆ, ಆಮೇಲೆ ಐಸ್, ಕೊನೆಗೆ ಎರಡು ಮೂರು ಇಂಚು ಹಿಮ.

ಮಕ್ಕಳು ಹಿಮದಲ್ಲಿ ಆಡಲಿ, ಬಿಡಿ. ನನ್ನ ಚಿಂತೆ ಪೈಪ್‌ಗಳದ್ದು. 3, 8, 17ನೇ ಮನೆಯವರು ಊರಿಗೆ ಹೋಗಿದ್ದಾರೆ. ಆ ಮೂರೂ ಮನೆಯ ಕೀ ಯಾರ ಹತ್ರ ಇದೆ?

ಹೊಸದಾಗಿ ಬಂದವರಿಗೆ ಹೇಳುತ್ತೇನೆ. 2021ರ ಫೆಬ್ರವರಿ 15ರ ನಸುಕಿನಲ್ಲಿ ಕರೆಂಟ್ ಕಡಿತ ಶುರುವಾಯಿತು. ಮಾರನೇ ದಿನ ಡಾಲಸ್ ಏರ್‌ಪೋರ್ಟ್‌ನಲ್ಲಿ ಮೈನಸ್ 2. ಸೆಲ್ಸಿಯಸ್‌ನಲ್ಲಿ ಅದು ಮೈನಸ್ 19! ಸರ್ಕಾರದ ಲೆಕ್ಕದಲ್ಲೇ ಟೆಕ್ಸಸ್‌ನಲ್ಲಿ 246 ಜನ ತೀರಿಹೋದರು. ಆಗ ನಮ್ಮ ಪಕ್ಕದ ಮನೆ ಖಾಲಿ ಇತ್ತು. ಚಳಿ ಇದ್ದಷ್ಟು ದಿನ ಏನೂ ಗೊತ್ತಾಗಲಿಲ್ಲ. ಬಿಸಿಲು ಬಂದ ದಿನ ಗ್ಯಾರೇಜ್ ಬಾಗಿಲ ಕೆಳಗಿನಿಂದ ನೀರು ಹರಿದು ಬಂತು. ಕಿಟಕಿಯಲ್ಲಿ ಇಣುಕಿದರೆ ಹಾಲ್‌ನ ಸೀಲಿಂಗ್ ಗಡಿಗೆ ಹೊಟ್ಟೆಯ ಹಾಗೆ ಜೋತುಬಿದ್ದಿತ್ತು. ನೋಡ್ತಾ ಇದ್ದ ಹಾಗೇ ಅದು ಒಡೆದು ಚಳಿ ತಡೆಯಲು ಅಟ್ಟದಲ್ಲಿ ಹಾಸಿದ್ದ ಗುಲಾಬಿ ಬಣ್ಣದ ಹತ್ತಿಯಂಥದ್ದೆಲ್ಲ ಸೋಫಾ ಮೇಲೆ ಸುರಿಯಿತು. ಕೀ ನಮ್ಮ ಹತ್ರ ಇರಲಿಲ್ಲ. ರಸ್ತೆ ಬದಿಯ ವಾಲ್ವ್ ಎಲ್ಲಿದೆ ಅಂತಲೂ ಗೊತ್ತಿರಲಿಲ್ಲ. ಎರಡು ಗಂಟೆ ನೀರು ಹರಿಯುವುದನ್ನು ನೋಡುತ್ತಾ ನಿಂತಿದ್ದೆವು. ಅದು ಮತ್ತೆ ಆಗಬಾರದು.

6ನೇ ಮನೆ
8ರ ಕೀ ನಮ್ಮ ಹತ್ರ ಇದೆ. ನಾಳೆ ಹೋಗಿ ನೋಡುತ್ತೇನೆ. ಒಂದು ಪ್ರಶ್ನೆ: ನಲ್ಲಿ ತೊಟ್ಟಿಕ್ಕಲು ಬಿಡಬೇಕು ಅಂತಾರಲ್ಲ, ಯಾಕೆ? ನೀರು ಸುಮ್ನೆ ದಂಡ ಅಲ್ವಾ?

14ನೇ ಮನೆ
ದಂಡ ಅಲ್ಲ. ಪೈಪಿನಲ್ಲಿ ಐಸ್ ಕಟ್ಟಿದಾಗ, ಐಸಿಗೂ ಮುಚ್ಚಿದ ನಲ್ಲಿಗೂ ನಡುವೆ ಸಿಕ್ಕಿದ ನೀರಿನ ಒತ್ತಡ ಏರುತ್ತದೆ. ಪೈಪ್ ಒಡೆಯುವುದು ಅದರಿಂದಲೇ. ನಲ್ಲಿ ಸ್ವಲ್ಪ ಬಿಟ್ಟಿದ್ದರೆ ಒತ್ತಡಕ್ಕೆ ದಾರಿ ಇರುತ್ತದೆ. ಹೊರಗೋಡೆಗೆ ತಾಗಿದ ಸಿಂಕ್‌ಗಳ ನಲ್ಲಿ ಬಿಡಿ, ಬಿಸಿ ತಣ್ಣೀರು ಎರಡೂ. ಕೆಳಗಿನ ಕಪಾಟು ತೆರೆದಿಡಿ. ತೋಟದ ಹೋಸ್ ಬಿಚ್ಚಿ ಹೊರಗಿನ ನಲ್ಲಿಗೆ ಟೋಪಿ ಹಾಕಿ. ಇಲ್ಲಿ ಎಷ್ಟೋ ಮನೆಗಳಲ್ಲಿ ಪೈಪ್ ಅಟ್ಟದಲ್ಲೇ ಹಾಯುತ್ತವೆ, ಚಿಕಾಗೋ ಮನೆಗಳ ಹಾಗೆ ಚಳಿಗೆ ಅಂತ ಕಟ್ಟಿದವಲ್ಲ.

ಖಾಲಿ ಮನೆಯಲ್ಲಿ ಇಷ್ಟು ಸಾಲದು. ಮೇನ್ ವಾಲ್ವ್ ಮುಚ್ಚಿ, ನಲ್ಲಿ ತೆರೆದು ನೀರು ಖಾಲಿ ಮಾಡಬೇಕು. ಮನೆ ಬೆಚ್ಚಗಿಡುವ ಹೀಟರ್ ಮಾತ್ರ ಆರಿಸಬೇಡಿ.

11ನೇ ಮನೆ
ನಮ್ಮ ಅಪ್ಪ ಅಮ್ಮ ಬಂದಿದ್ದಾರೆ. ಫೋನಿನಲ್ಲಿ 22 ನೋಡಿ ಅಮ್ಮ "ಮೈಸೂರಿನ ಹಾಗೇ ಇದೆಯಲ್ಲ" ಅಂದು ಶುಕ್ರವಾರದ ವಾಕಿಂಗ್‌ಗೆ ಸ್ವೆಟರ್ ತೆಗೆದಿಟ್ಟಿದ್ದಾರೆ. ಅದು ಫ್ಯಾರನ್‌ಹೀಟ್ ಅಂತ ಬಿಡಿಸಿ ಹೇಳಿದೆ, ಸೆಲ್ಸಿಯಸ್‌ನಲ್ಲಿ ಮೈನಸ್ 6 ಹತ್ರ. ಮನೆಯಲ್ಲಿ ಹಿರಿಯರು ಇರುವವರೆಲ್ಲ ದಯವಿಟ್ಟು ಇವತ್ತೇ ಹೇಳಿಬಿಡಿ. ಹಿಮದ ಮೇಲೆ ಹೇಗೋ ನಡೆಯಬಹುದು, ಅದರ ಕೆಳಗಿನ ಐಸ್ ಕಾಣುವುದಿಲ್ಲ.

20ನೇ ಮನೆ
ಶುಕ್ರವಾರ ಬೆಳಿಗ್ಗೆ ನನಗೆ ಆಸ್ಪತ್ರೆ ಡ್ಯೂಟಿ ಇದೆ. ಆರಕ್ಕೆ ಹೊರಟರೆ ಆಗುತ್ತಾ?

9ನೇ ಮನೆ
ಬೇಡ. ಗುರುವಾರ ರಾತ್ರಿಯೇ ಹೋಗಿ ಅಲ್ಲಿ ಉಳಿದುಕೊಳ್ಳಿ. ಕೆಳಗೆ ತೆಳ್ಳಗೆ ಕೊರೆಯುವ ಗಾಳಿ, ಮೇಲೆ ಮೆಕ್ಸಿಕೋ ಕೊಲ್ಲಿ ಕಡೆಯ ಬೆಚ್ಚನೆ ತೇವ. ಮಳೆ ನೀರಾಗೇ ಬಿದ್ದು ರಸ್ತೆ ಮುಟ್ಟಿದ ಕೂಡಲೇ ಗಾಜಾಗುತ್ತದೆ. ಮೊದಲು ಹೆಪ್ಪುಗಟ್ಟುವುದು ಸೇತುವೆಗಳು, ಕೆಳಗಿನಿಂದಲೂ ಗಾಳಿ ಹೊಡೆಯುತ್ತಲ್ಲ. 2021ರ ಫೆಬ್ರವರಿ 11ರ ಬೆಳಿಗ್ಗೆ ಫೋರ್ಟ್ ವರ್ತ್‌ನ ಐ-35 ವೆಸ್ಟ್ ಹೆದ್ದಾರಿಯಲ್ಲಿ ನೂರಕ್ಕೂ ಜಾಸ್ತಿ ಗಾಡಿ ಒಂದಕ್ಕೊಂದು ಗುದ್ದಿದ್ದು ಹಾಗೇ. ಆರು ಜನ ಸತ್ತರು. ಅವತ್ತು ಕೆಲಸಕ್ಕೆ ಹೊರಟವರೇ ಹೆಚ್ಚು.

ಮಕ್ಕಳನ್ನು ನಮ್ಮ ಮನೆಗೆ ಬಿಡಿ. ಎಷ್ಟು ದಿನ ಆದರೂ ಸರಿ.

20ನೇ ಮನೆ
ಸರಿ, ಹಾಗೇ ಮಾಡುತ್ತೇನೆ. ದೊಡ್ಡವನಿಗೆ ಕಡಲೆಕಾಯಿ ಅಲರ್ಜಿ. ಸಂಕ್ರಾಂತಿ ಎಳ್ಳು ದಯವಿಟ್ಟು ಕೊಡಬೇಡಿ.

11ನೇ ಮನೆ
ಎಳ್ಳು ಅಂದಾಗ ನೆನಪಾಯ್ತು. ಈ ಸಲ ನಾಳೆ ಸಂಜೆಯೇ ಎಳ್ಳು ಬೀರಿಬಿಡೋಣ. ಹೋದ ಮನೆಯಲ್ಲೆಲ್ಲ ವಾಲ್ವ್ ಎಲ್ಲಿದೆ ಕೇಳಿ, ಒಂದು ಸಲ ತಿರುಗಿಸಿ ನೋಡಿ ಬರೋಣ.

14ನೇ ಮನೆ
ತುಂಬಾ ಒಳ್ಳೆ ಯೋಚನೆ. ಇನ್ನೊಂದು ಮಾತು. ಕರೆಂಟ್ ಹೋದರೆ ಗ್ಯಾರೇಜಿನಲ್ಲಿ ಕಾರ್ ಸ್ಟಾರ್ಟ್ ಮಾಡಿ ಕೂರಬೇಡಿ, ಬಾಗಿಲು ತೆರೆದಿದ್ದರೂ ಬೇಡ. ಇದ್ದಿಲ ಗ್ರಿಲ್ ಒಳಗೆ ತರಬೇಡಿ. ಅವುಗಳಿಂದ ಬರುವ ಕಾರ್ಬನ್ ಮೊನಾಕ್ಸೈಡ್ ಅನ್ನುವ ವಿಷಗಾಳಿಗೆ ವಾಸನೆಯೇ ಇಲ್ಲ. 2021ರಲ್ಲಿ ಹ್ಯೂಸ್ಟನ್‌ನಲ್ಲಿ ಹಾಗೆ ಜೀವ ಹೋಗಿವೆ. ನಮ್ಮ ಮನೆಯಲ್ಲಿ ಗ್ಯಾಸ್ ಫೈರ್‌ಪ್ಲೇಸ್ ಇದೆ, ಹತ್ತು ಜನ ಮಲಗಬಹುದು. ಯಾವ ಹೊತ್ತಿಗಾದರೂ ಬನ್ನಿ.

6ನೇ ಮನೆ, ಬುಧವಾರ ಸಂಜೆ
8ರದ್ದು ಮುಗಿಯಿತು. ವಾಲ್ವ್ ಇರುವ ನೀರಿನ ಮೀಟರ್ ಡಬ್ಬಿಯ ಮುಚ್ಚಳದ ಮೇಲೆ ಹುಲ್ಲು ಬೆಳೆದಿತ್ತು, ಚಾಕುವಿನಲ್ಲಿ ಕೆತ್ತಿ ತೆಗೆದೆ. 17ರವರು ಗ್ಯಾರೇಜ್ ಕೋಡ್ ಕಳಿಸಿದ್ದಾರೆ. 3ನೇ ಮನೆಯವರು ಫೋನ್ ಎತ್ತುತ್ತಿಲ್ಲ.

9ನೇ ಮನೆ
ಇಂಡಿಯಾದಲ್ಲಿ ಈಗ ಬೆಳಗಿನ ಜಾವ. ಎಂಟು ಗಂಟೆಗೆ ಏಳುತ್ತಾರೆ, ಆಗ ನಾನೇ ಫೋನ್ ಮಾಡುತ್ತೇನೆ.

9ನೇ ಮನೆ, ರಾತ್ರಿ
ಸಿಕ್ಕಿದರು. ಕೀ ಹೂವಿನ ಕುಂಡದ ಕೆಳಗಿದೆಯಂತೆ. ಟಾರ್ಚ್ ಹಿಡಿದು ಒಬ್ಬರು ಬನ್ನಿ, ಈಗಲೇ ಹೋಗೋಣ.