ಎಕ್ಸ್‌ಟೆನ್ಷನ್ ಇಲ್ಲದ ಫೈಲಿಗೆ ಎಂಜಿನ್‌ಎಕ್ಸ್ ವೆಬ್ ಸರ್ವರಿನಲ್ಲಿ ಕಂಟೆಂಟ್ ಟೈಪ್ ಕೊಡುವುದು ಹೇಗೆ?

ಪ್ರಶ್ನೆ:
ನಮಸ್ಕಾರ. ನಮ್ಮ ಐಫೋನ್ ಆ್ಯಪ್‌ಗೆ ಯೂನಿವರ್ಸಲ್ ಲಿಂಕ್ (ಒತ್ತಿದರೆ ಬ್ರೌಸರಿನ ಬದಲು ಆ್ಯಪನ್ನೇ ತೆರೆಯುವ ಲಿಂಕ್) ಜೋಡಿಸುವ ಸಲುವಾಗಿ, ಸರ್ವರಿನ ವೆಲ್-ನೋನ್ ಫೋಲ್ಡರಿನಲ್ಲಿ ‘ಆ್ಯಪಲ್-ಆ್ಯಪ್-ಸೈಟ್-ಅಸೋಸಿಯೇಷನ್’ ಎಂಬ ಫೈಲನ್ನು ಇರಿಸಿದ್ದೇನೆ. ಒಳಗಿರುವುದು ಜೇಸನ್, ಆದರೆ ಹೆಸರಿನ ಕೊನೆಗೆ ಎಕ್ಸ್‌ಟೆನ್ಷನ್ ಹಚ್ಚುವಂತಿಲ್ಲ. ಬ್ರೌಸರಿನಲ್ಲಿ ವಿಳಾಸ ಕೊಟ್ಟರೆ ಫೈಲು ತೆರೆದುಕೊಳ್ಳದೆ ಡೌನ್‌ಲೋಡ್ ಆಗುತ್ತದೆ. ಪಕ್ಕದಲ್ಲೇ ಆಂಡ್ರಾಯ್ಡ್‌ಗಾಗಿ ಇಟ್ಟಿರುವ ‘ಅಸೆಟ್‌ಲಿಂಕ್ಸ್.ಜೇಸನ್’ಗೆ ಈ ತೊಂದರೆ ಇಲ್ಲ. ‘ಆ್ಯಡ್_ಹೆಡರ್’ ಬಳಸಿ ನೋಡಿದೆ. ಈಗ ಕಂಟೆಂಟ್ ಟೈಪ್, ಅಂದರೆ ಫೈಲು ಯಾವ ಬಗೆಯದೆಂದು ಬ್ರೌಸರಿಗೆ ತಿಳಿಸುವ ಹೆಡರ್ ಸಾಲು, ಎರಡೆರಡು ಸಲ ಬರುತ್ತಿದೆ. ದಯವಿಟ್ಟು ದಾರಿ ತಿಳಿಸಿ.

ಉತ್ತರ 1:
ಎಂಜಿನ್‌ಎಕ್ಸ್ ಫೈಲಿನ ಒಳಗೇನಿದೆ ಎಂದು ನೋಡುವುದೇ ಇಲ್ಲ. ಹೆಸರಿನ ಕೊನೆಯ ಎಕ್ಸ್‌ಟೆನ್ಷನ್ನನ್ನು ‘ಮೈಮ್.ಟೈಪ್ಸ್’ ಪಟ್ಟಿಯಲ್ಲಿ ಹುಡುಕುತ್ತದೆ. ಸಿಗದಿದ್ದರೆ ‘ಡೀಫಾಲ್ಟ್_ಟೈಪ್’ನಲ್ಲಿ ಬರೆದಿರುವುದನ್ನು ಕಳುಹಿಸುತ್ತದೆ. ಜೊತೆಗೆ ಬರುವ ಮೂಲ ಕಾನ್ಫಿಗ್ ಫೈಲಿನಲ್ಲಿ ಅದು ‘ಅಪ್ಲಿಕೇಷನ್/ಆಕ್ಟೆಟ್-ಸ್ಟ್ರೀಮ್’ ಆಗಿರುವುದರಿಂದಲೇ ಬ್ರೌಸರು ನಿಮ್ಮ ಫೈಲನ್ನು ಡೌನ್‌ಲೋಡ್ ಮಾಡುತ್ತಿದೆ. ‘ಆ್ಯಡ್_ಹೆಡರ್’ ಇರುವ ಹೆಡರನ್ನು ಬದಲಿಸುವುದಿಲ್ಲ, ಇನ್ನೊಂದನ್ನು ಸೇರಿಸುತ್ತದೆ. ಆದ್ದರಿಂದ ಆ ಸಾಲನ್ನು ಮೊದಲು ತೆಗೆದುಹಾಕಿ. ಬಳಿಕ ಸಮ ಚಿಹ್ನೆ ಹಾಕಿ, ಆ ಒಂದು ಫೈಲಿನ ಪೂರ್ಣ ಪಾತ್‌ಗೆ ಮಾತ್ರ ಹೊಂದುವ ‘ಲೊಕೇಷನ್’ ಬ್ಲಾಕ್ ಬರೆದು, ಅದರೊಳಗೆ ‘ಡೀಫಾಲ್ಟ್_ಟೈಪ್ ಅಪ್ಲಿಕೇಷನ್/ಜೇಸನ್’ ಎಂದು ಕೊಡಿ. ಇದನ್ನೇ ‘ಎಚ್‌ಟಿಟಿಪಿ’ ಬ್ಲಾಕಿನಲ್ಲಿ ಬರೆಯುವ ಆಸೆಗೆ ಬೀಳಬೇಡಿ. ಬಿದ್ದರೆ ಸೈಟಿನಲ್ಲಿರುವ, ಎಕ್ಸ್‌ಟೆನ್ಷನ್ ಇಲ್ಲದ ಫೈಲುಗಳೆಲ್ಲ ಜೇಸನ್ ಎಂದೇ ಹೊರಡುತ್ತವೆ. ರೀಲೋಡ್ ಮಾಡುವ ಮುನ್ನ ‘ಎಂಜಿನ್‌ಎಕ್ಸ್ -ಟಿ’ ಓಡಿಸಿ ಕಾನ್ಫಿಗ್ ಪರೀಕ್ಷಿಸಿಕೊಳ್ಳಿ.

ಉತ್ತರ 2:
ಎಂಜಿನ್‌ಎಕ್ಸ್ ಬದಲು ಅಪಾಚೆ ವೆಬ್ ಸರ್ವರ್ ಬಳಸುವವರು ‘ಫೈಲ್ಸ್’ ಬ್ಲಾಕಿನೊಳಗೆ ‘ಫೋರ್ಸ್‌ಟೈಪ್’ ಕೊಟ್ಟರೆ ಸಾಕು. ಹಳೆಯ ಲೇಖನಗಳು ಹೇಳುವ ‘ಡೀಫಾಲ್ಟ್‌ಟೈಪ್’ಗೆ 2.4ನೇ ಆವೃತ್ತಿಯಿಂದ ಬೆಲೆಯಿಲ್ಲ. ಮೈಕ್ರೋಸಾಫ್ಟ್‌ನ ವೆಬ್ ಸರ್ವರ್ ಐಐಎಸ್ ಇನ್ನೂ ಕಟ್ಟುನಿಟ್ಟು: ತನಗೆ ಗೊತ್ತಿಲ್ಲದ ಟೈಪಿನ ಫೈಲನ್ನು ಕೊಡದೆ 404.3 ದೋಷ ತೋರಿಸುತ್ತದೆ. ಅಲ್ಲಿ ಎಕ್ಸ್‌ಟೆನ್ಷನ್ನಿನ ಜಾಗದಲ್ಲಿ ಬರಿಯ ಚುಕ್ಕೆಯಿಟ್ಟು ಮೈಮ್ ಮ್ಯಾಪ್ ಸೇರಿಸಬೇಕಾಗುತ್ತದೆ.

ಪ್ರಶ್ನೆ ಕೇಳಿದವರು:
ಧನ್ಯವಾದಗಳು. ಹೆಡರುಗಳನ್ನು ನೋಡಲು ‘ಕರ್ಲ್ -ಐ’ ಕಮಾಂಡ್ ಹೊಡೆದಾಗ 200ರ (ಎಲ್ಲ ಸರಿ ಎಂಬ ಸಂಕೇತದ) ಕೆಳಗೆ ‘ಅಪ್ಲಿಕೇಷನ್/ಜೇಸನ್’ ಒಂದೇ ಸಲ ಕಾಣುತ್ತಿದೆ. ಆದರೆ ಫೋನಿನಲ್ಲಿ ಲಿಂಕ್ ಒತ್ತಿದರೆ ಈಗಲೂ ಸಫಾರಿಯೇ ತೆರೆಯುತ್ತದೆ.

ಉತ್ತರ 1:
ಐಓಎಸ್ 14ರಿಂದ ಈಚೆಗೆ ಫೋನು ಈ ಫೈಲನ್ನು ನೇರವಾಗಿ ನಿಮ್ಮ ಸರ್ವರಿನಿಂದ ತರುವುದಿಲ್ಲ, ಆ್ಯಪಲ್‌ನ ಸಿಡಿಎನ್‌ನಿಂದ (ಪ್ರತಿಗಳನ್ನು ಇಟ್ಟುಕೊಂಡು ಹಂಚುವ ಸರ್ವರ್ ಜಾಲದಿಂದ) ತರುತ್ತದೆ. ಅಲ್ಲಿ ಹಳೆಯ ಪ್ರತಿ ಉಳಿದಿರಬಹುದು. ಪರೀಕ್ಷೆಯ ಮಟ್ಟಿಗೆ ಆ್ಯಪ್‌ನ ಅಸೋಸಿಯೇಟೆಡ್ ಡೊಮೇನ್ಸ್‌ನಲ್ಲಿ ಡೊಮೇನ್ ಹೆಸರಿನ ಕೊನೆಗೆ ‘?ಮೋಡ್=ಡೆವಲಪರ್’ ಸೇರಿಸಿ, ಫೋನಿನ ಡೆವಲಪರ್ ಸೆಟ್ಟಿಂಗ್ಸ್‌ನಲ್ಲಿಯೂ ಅದಕ್ಕೆ ಅನುಮತಿ ಕೊಟ್ಟು, ಆ್ಯಪ್ ಮರಳಿ ಇನ್‌ಸ್ಟಾಲ್ ಮಾಡಿ ನೋಡಿ. ಹಾಗೆಯೇ ಈ ವಿಳಾಸಕ್ಕೆ ರೀಡೈರೆಕ್ಟ್ ಇರಕೂಡದು. ಆ್ಯಪ್‌ನಲ್ಲಿ ನಮೂದಿಸಿದ ಡೊಮೇನಿನಿಂದಲೇ 200 ಬಂದಿತೋ, ಇಲ್ಲವೇ ‘ಡಬ್ಲ್ಯೂಡಬ್ಲ್ಯೂಡಬ್ಲ್ಯೂ’ ಇರುವ ವಿಳಾಸದಿಂದಲೋ ಎಂಬುದನ್ನು ಇನ್ನೊಮ್ಮೆ ನೋಡಿಕೊಳ್ಳಿ.