ಕಾರವಾರದ ಭಾನುವಾರ ಸಂತೆ ಬಗ್ಗೆ ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ನಾವು ಧಾರವಾಡದವರು, ಯಜಮಾನರಿಗೆ ವರ್ಗ ಆಗಿ ಕಾರವಾರಕ್ಕೆ ಬಂದು ಎರಡು ತಿಂಗಳಾಯ್ತು. ಕಳೆದ ಭಾನುವಾರ ಮೊದಲ ಸಲ ಸಂತೆಗೆ ಹೋಗಿದ್ದೆ. ಮನೆಗೆಲಸ ಮುಗಿಸಿ ಹೊರಡೋದ್ರಲ್ಲಿ ಹನ್ನೊಂದು ದಾಟಿತ್ತು. ಬಿಸಿಲಿಗೆ ಹರಿವೆ ಸೊಪ್ಪು ಬಾಡಿತ್ತು, ಊರಿನ ಕಾಯಿಪಲ್ಲೆ ತಂದ ಇಲ್ಲಿನ ಹಾಲಕ್ಕಿ ಸಮುದಾಯದ ಅಮ್ಮಂದಿರು ಬುಟ್ಟಿ ಖಾಲಿ ಮಾಡಿ ಎದ್ದಾಗಿತ್ತು. ನಾನು ಹೋಗಿದ್ದೇ ಅವರ ಹತ್ತಿರ ಕೊಳ್ಳಬೇಕು ಅಂತ, ತುಂಬಾ ಬೇಜಾರಾಯ್ತು.

ಅವರು ಬೆಳಿಗ್ಗೆ ಎಷ್ಟೊತ್ತಿಗೆ ಬರ್ತಾರೆ, ಯಾವ ಕಡೆ ಕೂರ್ತಾರೆ? ತಿಳಿದವರು ಹೇಳಿ.

ಇನ್ನೊಂದು, ಈಶಾಡ ಮಾವಿನ ವಿಷಯ. ಇದರಲ್ಲಿ ಕರಿ, ಬಿಳಿ ಅಂತ ಎರಡು ಬಗೆ. ಅಂಕೋಲೆಯ ಕರಿ ಈಶಾಡಕ್ಕೆ 2023ರಲ್ಲಿ ಜಿಐ ಟ್ಯಾಗ್ (ಆ ಊರಿನದೇ ವಿಶೇಷ ಬೆಳೆ ಅನ್ನೋ ಸರ್ಕಾರಿ ಗುರುತು) ಸಿಕ್ಕಿದೆ. ಕರಿಗೆ ಸಿಪ್ಪೆ ತೆಳು, ತಿರುಳು ಜಾಸ್ತಿ. ಬಿಳಿಗೆ ಸಿಪ್ಪೆ ದಪ್ಪ ಅಂತಾರೆ. ಆದ್ರೆ ಕೊಯ್ದು ನೋಡದೆ ಬುಟ್ಟಿಯಲ್ಲೇ ಗುರುತು ಹಿಡಿಯೋದು ಹೇಗೆ? ಅಪ್ಪನಿಗೆ ಕಳಿಸಬೇಕು, ತಪ್ಪು ಹಣ್ಣು ಹೋಗಬಾರದು.

ಪಕ್ಕದ ಮನೆ ಅಜ್ಜಿ ಕುಮಟಾ ಸಿಹಿ ಈರುಳ್ಳಿಯ ಒಂದು ಗೊಂಚಲು ಕೊಟ್ಟಿದ್ದಾರೆ. ಒಣಗಿದ ಎಲೆಗಳನ್ನ ಜಡೆ ಹಾಗೆ ಹೆಣೆದಿದ್ದಾರೆ, ಅಡುಗೆಮನೆ ಮೊಳೆಗೆ ತೂಗುಹಾಕಿದ್ದೀನಿ. ಹಸಿಯಾಗೇ ಮೊಸರಿಗೆ ಹೆಚ್ಚಿ ಹಾಕಿದ್ರೆ ನನ್ನ ಮಗಳು ಎರಡು ರೊಟ್ಟಿ ಹೆಚ್ಚಿಗೆ ತಿಂತಾಳೆ. ಇಂಥದ್ದು ಸಂತೆಯಲ್ಲೇ ಸಿಗುತ್ತಾ, ಕುಮಟಾ ಹತ್ತಿರ ಹೆದ್ದಾರಿ ಬದಿಯಲ್ಲೇ ತಗೊಳ್ಳಬೇಕಾ? ಮಳೆಗಾಲ ಪೂರ್ತಿ ಕೆಡದಂತೆ ಇಡೋದು ಹೇಗೆ ಅಂತಾನೂ ತಿಳಿಸಿ.

ಬರೋ ಭಾನುವಾರ ಬೇಗ ಹೋಗ್ತೀನಿ. ಅಷ್ಟರೊಳಗೆ ಹೇಳಿದ್ರೆ ಉಪಕಾರ.